ಅಪ್ರೆಂಟಿಸು ನೋಡಲು ಹೋದ ಚಿಕ್ಕಮಾದಯ್ಯ

ಹೊಣಕೆರೆಯ ಚಿಕ್ಕಮಾದಯ್ಯ ನಾಗಮಂಗಲದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಈಗ ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದರೂ ಇಸ್ತ್ರಿ ಶರ್ಟು ಬಿಟ್ಟಿರಲಿಲ್ಲ, ಜೇಬಿನ ಪೆನ್ನೂ ಬಿಟ್ಟಿರಲಿಲ್ಲ. ಸರ್ಕಾರದ್ದಲ್ಲದ ಕೆಲಸ ಅವನ ಕಣ್ಣಿಗೆ ಕೆಲಸವೇ ಅಲ್ಲ. ಕಂಪನಿಗೆ ಹೋಗುವವರನ್ನೆಲ್ಲ ಕೊರಳಿಗೆ ಪಟ್ಟಿ ಕಟ್ಟಿಸಿಕೊಂಡ ಕೂಲಿಗಳು ಎನ್ನುತ್ತಿದ್ದ. ಹೀಗಿರುವಾಗ ಒಂದು ಸಂಜೆ ಮಗಳು ಪವಿತ್ರ, ಬಿ.ಕಾಂ. ಮುಗಿಸಿ ಸರ್ಕಾರಿ ಪರೀಕ್ಷೆಗೆ ಓದುತ್ತ ಕೂತಿದ್ದವಳು, ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹೇಳಿದಳು:

"ಅಪ್ಪಾ, ಆಫೀಸ್ ಕೆಲ್ಸಕ್ಕೆ ಅಪ್ರೆಂಟಿಸ್ ತಗೋತಾವ್ರಂತೆ. ಒಂದು ವರ್ಷ ಹೋಗ್ಲಾ ಅಂತ."

"ಅಪ್ರೆಂಟಿಸಾ!" ಚಿಕ್ಕಮಾದಯ್ಯ ಹಾಲಿನ ಕ್ಯಾನು ಕೆಳಗಿಟ್ಟ. "ಗ್ಯಾರೇಜಲ್ಲಿ ಸ್ಪ್ಯಾನರ್ ಎತ್ಕೊಡೋನ್ಗೆ ಅನ್ನೋ ಮಾತು ಕಣಮ್ಮಿ ಅದು. ಕುರ್ಚಿ ಮೇಲ್ ಕುಂತ್ಕಂಡು ಬರೆಯೋ ಕೆಲ್ಸಕ್ಕೆ ಎಂತಾ ಅಪ್ರೆಂಟಿಸು? ಬಿಟ್ಟಿ ದುಡಿಸ್ಕಳಕ್ಕೆ ಒಂದ್ ಇಂಗ್ಲಿಷ್ ಎಸ್ರು ಕೊಟ್ಟವ್ರೆ."

"ಪರೀಕ್ಷೆ ಇವತ್ತು ಕರೀತಾರೆ, ನಾಳೆ ಕರೀತಾರೆ ಅಂತ ಎಷ್ಟು ದಿನ ಕೂರ್ಲಿ? ಕೆಲ್ಸ ಕೇಳೋಕೆ ಹೋದ್ರೆ ಅನುಭವ ಇದ್ದದಾ ಅಂತಾರೆ. ಅನುಭವನ ಅಂಗಡೀಲಿ ಮಾರ್ತಾರಾ?"

"ನಾನ್ ಯಾವ ಅನುಭವ ಇಟ್ಕಂಡು ಸೇರಿದ್ದೆ?"

ಒಳಗೆ ಮುದ್ದೆ ತೊಳಸುತ್ತಿದ್ದ ಹೆಂಡತಿ ಬೈರಮ್ಮ ಅಲ್ಲಿಂದಲೇ ಉತ್ತರ ಕೊಟ್ಟಳು. "ನಿಮ್ಮಪ್ಪ ಸರ್ವೀಸ್ನಲ್ಲೇ ಸತ್ರು, ಅನುಕಂಪದ ಮೇಲೆ ನಿಮ್ಗಾಯ್ತು. ನೀವೇನೋ ಗಟ್ಟಿಮುಟ್ಟಾಗಿ ರಿಟೈರಾಗ್ಬುಟ್ರಿ. ಮಗಳ್ಗೆ ಆ ದಾರೀನೂ ಇಲ್ಲ."

ಚಿಕ್ಕಮಾದಯ್ಯನಿಗೆ ಉರಿದುಹೋಯಿತು. ಆದರೂ ಮರುದಿನ ಬೆಳಿಗ್ಗೆ ಮಗಳ ಜೊತೆ ಹೊರಡಲು ಎಲ್ಲರಿಗಿಂತ ಮೊದಲು ಶರ್ಟು ತೊಟ್ಟು ನಿಂತವನು ಅವನೇ. ಕಚೇರಿ ಅಂದರೇನೆಂದು ಅರೆದು ಕುಡಿದವನು ತಾನು. ಈ ಕಂಪನಿಯವರ ಬಂಡವಾಳ ಬಯಲು ಮಾಡಿಯೇ ಬರುತ್ತೇನೆ ಎಂಬ ಹುರುಪು.

ಪಾಂಡವಪುರದ ಮೇಲೆ ಹೋಗಿ ಕಿರಂಗೂರಿನ ಹತ್ತಿರ ಇಳಿದರು. ಬೆಲ್ಲವನ್ನು ಪುಡಿ ಮಾಡಿ, ಚಂದದ ಡಬ್ಬಿಗೆ ತುಂಬಿ ಹೊರದೇಶಕ್ಕೆ ಕಳಿಸುವ ಕಂಪನಿ. ಎಲ್ಲ ಕಡೆ ಗಾಜು. ರಾಹುಲ್ ಎಂಬ ಎಳೆಯ ಮ್ಯಾನೇಜರು ಎದ್ದು ನಿಂತು ಕೈಕುಲುಕಿ, ಮೆತ್ತನೆಯ ಸೋಫಾದ ಮೇಲೆ ಕೂರಿಸಿದ.

"ನಮ್ಮಲ್ಲಿ ಎಲ್ಲರೂ ಒಂದೇ ಫ್ಯಾಮಿಲಿ ಥರ ಅಂಕಲ್."

"ಫ್ಯಾಮಿಲಿ ನಮ್ಮನೇಲೇ ಅದೆ. ನೀವು ಏನ್ ಕಲಿಸ್ತೀರಿ, ಅದೇಳಿ."

"ಒಳ್ಳೆ ಎಕ್ಸ್‌ಪೋಷರ್ ಸಿಗುತ್ತೆ."

"ಬಿಲ್ಲು ಬರೆಯೋದು ಕಲಿಸ್ತೀರಾ?"

"ಅದನ್ನ ಸಾಫ್ಟ್‌ವೇರೇ ಮಾಡುತ್ತೆ."

"ಕಾಗದ-ಪತ್ರ?"

"ಅದೆಲ್ಲ ಹೆಡ್ ಆಫೀಸಲ್ಲಿ ಅಂಕಲ್."

"ಮತ್ತೆ ಇಲ್ಲಿ ನೀವೇನ್ ಮಾಡ್ತೀರಪ್ಪ?"

ರಾಹುಲ್ ನಕ್ಕ. ಅಷ್ಟರಲ್ಲಿ ಕೊರಳಲ್ಲಿ ಗುರುತಿನ ಚೀಟಿ ತೂಗಿಬಿಟ್ಟುಕೊಂಡ ಹುಡುಗಿಯೊಬ್ಬಳು ಟ್ರೇಯಲ್ಲಿ ಟೀ ತಂದಿಟ್ಟು ಹೋದಳು. ಪವಿತ್ರ ನೀರು ಕುಡಿಯುವ ನೆಪದಲ್ಲಿ ಅವಳ ಹಿಂದೆಯೇ ಹೋದಳು. ತಿರುಗಿ ಬಂದವಳು ಕೂರಲಿಲ್ಲ. "ನಡೀರಪ್ಪ" ಎಂದಳು.

ರಸ್ತೆಗೆ ಬಂದ ಮೇಲೆ ವಿಷಯ ತಿಳಿಯಿತು. ಆ ಹುಡುಗಿ ಮೇಘನ, ಎಂ.ಕಾಂ. ಆಗಿದೆ, ಅವಳೂ ಅಪ್ರೆಂಟಿಸೇ. ಏನು ಕಲಿತೆ ಎಂದು ಕೇಳಿದ್ದಕ್ಕೆ ಯಾರ್ಯಾರ ಟೀಗೆ ಸಕ್ಕರೆ ಹಾಕಬಾರದೆಂದು ಕಲಿತೆ ಎಂದಿದ್ದಳಂತೆ. ವರ್ಷ ತುಂಬಿದ ಕೂಡಲೇ ಹಳಬರನ್ನು ಕಳಿಸಿ ಹೊಸಬರನ್ನು ತರುತ್ತಾರಂತೆ.

ಚಿಕ್ಕಮಾದಯ್ಯನ ಖುಷಿಗೆ ಪಾರವಿಲ್ಲ. ಮಗಳ ಮುಖ ಸಪ್ಪಗಾಗಿದ್ದು ಕಂಡರೂ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಆಡಿದ. "ನಾ ಏಳ್ಲಿಲ್ವಾ? ಗಾಜಿನ ಮನೆ ಕಟ್ಟುದ್ರೆ ಆಫೀಸಾಗ್ಬುಡ್ತದಾ?"

"ಇನ್ನೊಂದು ಕಡೆ ಇದೆ. ಕೆ.ಆರ್. ಪೇಟೇಲಿ" ಎಂದಳು ಪವಿತ್ರ, ಕಿಟಕಿಯಾಚೆ ನೋಡುತ್ತ.

"ನಡಿ. ಅದನ್ನೂ ನೋಡ್ಬುಡಮ."

ಕೆ.ಆರ್. ಪೇಟೆಯದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಇಕ್ಕಟ್ಟು ಕೋಣೆ. ಊರಿನ ಅಂಗಡಿ, ಮಿಲ್ಲುಗಳ ಲೆಕ್ಕಪತ್ರ, ತೆರಿಗೆಯ ಕೆಲಸ ನೋಡುವ ಯಶೋದಮ್ಮನ ಆಫೀಸು. ಇವರು ಹೋದಾಗ ಆಕೆ ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದಳು. ಬೈದು ಮುಗಿಸಿದ ಮೇಲೂ ಇವರಿಗೆ ಕೂರಲು ಹೇಳಲಿಲ್ಲ. ಹೇಳಿದ್ದರೂ ಕೂರಲು ಜಾಗವಿರಲಿಲ್ಲ. ಒಂದು ಬಿಲ್ಲು ತೆಗೆದು ಪವಿತ್ರಳ ಕೈಗಿಟ್ಟಳು.

"ಇದ್ರಲ್ಲಿ ತಪ್ಪೆಲ್ಲಿದೆ?"

ಪವಿತ್ರ ಮೇಲೆ ಕೆಳಗೆ ನೋಡಿದಳು. ಹಿಂದೆ ತಿರುಗಿಸಿಯೂ ನೋಡಿದಳು. "ಗೊತ್ತಾಗ್ತಿಲ್ಲ ಮೇಡಂ."

"ಡಿಗ್ರಿ ಮಾಡ್ದೋರು ಯಾರಿಗೂ ಗೊತ್ತಾಗಲ್ಲ. ಗೊತ್ತಿಲ್ಲ ಅಂದ್ಯಲ್ಲ, ಅದೇ ದೊಡ್ದು."

ಮಗಳನ್ನು ಹೀಗಳೆದದ್ದನ್ನು ಚಿಕ್ಕಮಾದಯ್ಯನಿಗೆ ತಡೆದುಕೊಳ್ಳಲಾಗಲಿಲ್ಲ. "ಬಿಟ್ಟಿ ಆಳು ಸಿಗ್ತಾರೆ ಅಂತ ಏನ್ ಬೇಕಾದ್ರೂ ಅನ್ಬೋದಾ ತಾಯಿ?"

ಯಶೋದಮ್ಮ ಮೊದಲ ಬಾರಿಗೆ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಜೇಬಿನ ಪೆನ್ನನ್ನೂ ನೋಡಿದಳು. "ಯಾವ ಇಲಾಖೆ ಯಜಮಾನ್ರೆ?"

ಹೇಳಿದ.

"ಸೇರ್ದಾಗ ಏನೇನ್ ಕೆಲ್ಸ ಬರ್ತಿತ್ತು ನಿಮ್ಗೆ?"

ಚಿಕ್ಕಮಾದಯ್ಯ ಬಾಯಿ ತೆರೆದ. ಏನೂ ಬರುತ್ತಿರಲಿಲ್ಲ. 'ಮಾನ್ಯರೇ' ಎಂದು ಎಲ್ಲಿ ಬರೆಯಬೇಕೆಂಬುದೇ ತಿಳಿಯದೆ, ಹೆಡ್ ಕ್ಲಾರ್ಕಿನ ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಬರೆದದ್ದನ್ನೆಲ್ಲ ಮುಖದ ಮೇಲೆ ಎಸೆಸಿಕೊಂಡ ಕಾಲ ನೆನಪಾಯಿತು.

"ಆಮೇಲ್ ಕಲ್ತೆ" ಎಂದ.

"ಸರ್ಕಾರದ್ ಸಂಬಳ ತಗೊಂಡು ಕಲ್ತ್ರಿ. ಇವ್ಳು ಮಾಡೋ ತಪ್ಪನ್ನ ತಿದ್ದೋಕೆ ಆರು ತಿಂಗ್ಳು ನಾನು ದುಡೀಬೇಕು. ಬಿಟ್ಟಿ ದುಡಿಯೋರು ಯಾರು ಹೇಳಿ?"

ಚಿಕ್ಕಮಾದಯ್ಯ ಗೋಡೆಯ ಕ್ಯಾಲೆಂಡರು ನೋಡತೊಡಗಿದ. ಪವಿತ್ರ ಮುಂದೆ ಬಂದಳು.

"ವರ್ಷ ಆದ್ಮೇಲೆ ಇಲ್ಲೇ ಕೆಲ್ಸ ಕೊಡ್ತೀರಾ ಮೇಡಂ?"

"ಇಲ್ಲ. ಎಲ್ಲಿ ಕೂರುಸ್ಲಿ? ನಿಂಗೆ ಕೆಲ್ಸ ಬಂದ್ರೆ ಮಿಲ್ಲಿನೋರೇ ಕರೀತಾರೆ. ಬರ್ದೇ ಇದ್ರೆ ನಿನ್ ಕೈಲಾಗಲ್ಲ ಹೋಗು ಅಂತ ನಾನೇ ಹೇಳ್ತೀನಿ."

"ಸೋಮವಾರ ಬರ್ತೀನಿ" ಎಂದಳು ಪವಿತ್ರ. ಅಪ್ಪನ ಮುಖ ನೋಡಲಿಲ್ಲ.

ಬಸ್ ನಿಲ್ದಾಣದಲ್ಲಿ ಚಿಕ್ಕಮಾದಯ್ಯ ಕುದಿಯುತ್ತಿದ್ದ. "ಕುತ್ಕಳಿ ಅಂತ ಒಂದ್ ಮಾತ್ ಅನ್ಲಿಲ್ವಲ್ಲ ಆ ಯಮ್ಮ! ಮನುಷತ್ವ ಬ್ಯಾಡ್ವಾ?"

"ಸೋಫಾ ಮೇಲೆ ಕೂರ್ಸಿದ್ರಲ್ಲ, ಅವ್ರತ್ರಾನೇ ಹೋಗ್ಲಾ? ನೀವೇ ಹೇಳಿ."

ಬಸ್ಸು ಬಂತಾ ನೋಡ್ತೀನಿ ಎಂದು ಅವನು ಎದ್ದು ಹೋದ.

ವರ್ಷ ಸುಲಭವಾಗಿ ಕಳೆಯಲಿಲ್ಲ. ಪವಿತ್ರ ಅತ್ತುಕೊಂಡು ಮನೆಗೆ ಬಂದ ದಿನಗಳು ಬಹಳ. ಆಗೆಲ್ಲ ಚಿಕ್ಕಮಾದಯ್ಯ ಸಂಭ್ರಮದಿಂದ "ಬುಟ್ಬುಡು, ನಾಳಿಂದ ಓಗ್ಬ್ಯಾಡ" ಎನ್ನುತ್ತಿದ್ದ. ಅವಳು ಮೂಗು ಒರೆಸಿಕೊಂಡು ಮರುದಿನ ಹೋಗುತ್ತಿದ್ದಳು. ಒಮ್ಮೆ ತೆರಿಗೆ ಇಲಾಖೆಗೆ ಬರೆಯುವ ಉತ್ತರದ ಕರಡನ್ನು ತಂದು ಅಪ್ಪನಿಗೆ ಕೊಟ್ಟಳು. ಅವನು ಕನ್ನಡಕ ಹಾಕಿ ತಪ್ಪು ಹುಡುಕಿದ. ವಿಷಯ, ಉಲ್ಲೇಖ, ಒಕ್ಕಣೆ ಎಲ್ಲ ಎಲ್ಲಿರಬೇಕೋ ಅಲ್ಲಿದ್ದವು. ಕೊನೆಗೆ "ಅಕ್ಸರ ಸಣ್ಣದಾಯ್ತು" ಎಂದು ವಾಪಸು ಕೊಟ್ಟ.

ವರ್ಷ ತುಂಬಿತು. ಯಶೋದಮ್ಮ ಮೊದಲೇ ಹೇಳಿದಂತೆ ಅವಳನ್ನು ಇಟ್ಟುಕೊಳ್ಳಲಿಲ್ಲ. ಹತ್ತು ದಿನ ಚಿಕ್ಕಮಾದಯ್ಯ ಮೀಸೆಯಡಿ ನಗುತ್ತ ಓಡಾಡಿದ. ಆಮೇಲೆ ಪಾಂಡವಪುರದ ಅಕ್ಕಿ ಗಿರಣಿಯವರು ಲೆಕ್ಕ ನೋಡಲು ಬಾ ಎಂದು ಪವಿತ್ರಳನ್ನು ಕರೆದರು. ದೊಡ್ಡ ಸಂಬಳವೇನಲ್ಲ, ಆದರೆ ಅಲ್ಲಿ ಅವಳಿಗೊಂದು ಮೇಜಿತ್ತು. ಅನುಭವವಿದೆಯಾ ಎಂದು ಯಾರೂ ಕೇಳಲಿಲ್ಲ.

ಕೆಲಸಕ್ಕೆ ಹೊರಟ ಮೊದಲ ಬೆಳಿಗ್ಗೆ ಬೈರಮ್ಮ ಗಂಡನನ್ನು ಕೆಣಕಿದಳು. "ಈಗೇನಂತೀರಿ? ಅಪ್ರೆಂಟಿಸು ಒಳ್ಳೇದಾ, ಕೆಟ್ಟದಾ?"

"ಆ ಯಮ್ಮ ಕಲಿಸ್ತು, ಇವ್ಳು ಕಲ್ತ್ಲು. ಅಪ್ರೆಂಟಿಸ್ ಅನ್ನೋದ ಮಾತ್ರ ನಾ ಒಪ್ಪಕಿಲ್ಲ ಕಣೆ" ಎಂದ ಚಿಕ್ಕಮಾದಯ್ಯ.

ಪವಿತ್ರ ಬುತ್ತಿ ಬ್ಯಾಗಿಗೆ ಹಾಕಿಕೊಂಡು, ನಗುತ್ತ ಬಸ್ಸಿಗೆ ಓಡಿದಳು.