ಹಸಿ ಮಸಿಯ ವರ್ಷ

ಕ್ಯಾಲೆಂಡರ್ ಅಚ್ಚು ಹಾಕುವವರು ಊರಿಗಿಂತ ಒಂದು ವರ್ಷ ಮುಂದೆ ಬದುಕುತ್ತಾರೆ. ಉಳಿದವರು ಈ ವರ್ಷದ ಸೆಕೆಯಲ್ಲಿ ಬೇಯುತ್ತಿರುವಾಗ ಅವರ ಬೆರಳಿಗೆ ಮುಂದಿನ ಡಿಸೆಂಬರಿನ ಮಸಿ ಅಂಟಿರುತ್ತದೆ.

ಅಂಥ ಪ್ರೆಸ್ಸಿನಲ್ಲಿ ಹಾಳೆ ಜೋಡಿಸುವವಳಿಗೆ ಇದ್ದದ್ದು ಒಂದೇ ಆಸೆ: ದೊಡ್ಡ ಮೆಷಿನ್ನನ್ನು ತಾನೇ ಓಡಿಸಬೇಕು. ಕಾಡಿ ಬೇಡಿದ ಮೇಲೆ ಮೇಸ್ತ್ರಿ ಒಪ್ಪಿದ್ದ. "ಎರಡು ವಾರ ಬಿಟ್ಟು, ಶುಕ್ರವಾರ ಪರೀಕ್ಷೆ. ಕೆಟ್ಟರೆ ಮತ್ತೆ ಕೇಳಂಗಿಲ್ಲ."

ಪ್ರೆಸ್ಸಿನಲ್ಲಿ ರದ್ದಿಗೆ ಬಿದ್ದಿದ್ದ ಕ್ಯಾಲೆಂಡರೊಂದನ್ನು ತಂದು ಅಡುಗೆಮನೆಯ ಗೋಡೆಗೆ ತಗುಲಿಹಾಕಿದಳು. ಹದಿಮೂರು, ಶುಕ್ರವಾರದ ಚೌಕದಲ್ಲಿ 'ಮೆಷಿನ್' ಎಂದು ಬರೆದಳು. ಅದರ ಹಿಂದಿನ ಚೌಕಗಳಿಗೆಲ್ಲ ಒಂದೊಂದು ಪಾಠ: ರೋಲರ್ ತೊಳೆಯುವುದು, ಮಸಿಯ ಹದ, ಸದ್ದಿನಿಂದಲೇ ಮೆಷಿನ್ನಿನ ಮನಸ್ಸು ಅರಿಯುವುದು.

"ಉಸಿರಾಡೋಕೂ ಒಂದು ಚೌಕ ಇಟ್ಟಿದೀಯೇನಕ್ಕಾ?" ಎಂದಳು ತಂಗಿ.

"ಅದಕ್ಕಿದೆ. ನಿನ್ನ ಬಾಯಿ ಮುಚ್ಚಿಸೋಕೇ ಜಾಗ ಸಾಲ್ತಿಲ್ಲ."

ಹದಿಮೂರರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ತೋಳು ಮಡಚಿ ಮೆಷಿನ್ ಪಕ್ಕ ನಿಂತಳು.

"ಇದೇನಮ್ಮಾ, ಯುದ್ಧಕ್ಕೆ ಹೊರಟೋಳ ಥರ?" ಎಂದ ಮೇಸ್ತ್ರಿ.

"ಪರೀಕ್ಷೆ ಅಲ್ವಾ? ಹದಿಮೂರು, ಶುಕ್ರವಾರ."

"ಇವತ್ತು ಗುರುವಾರ ಕಣಮ್ಮಾ! ಮುಂದಿನ ವರ್ಷದ್ದು ನೋಡ್ಕೊಂಡು ಬಂದ್ಯಾ?" ಅವನು ಹೊಟ್ಟೆ ಹಿಡಿದು ನಕ್ಕ. "ಪ್ರೆಸ್ಸಿನೋರಿಗೆಲ್ಲ ಇದೇ ಕಾಯಿಲೆ. ನನ್ನ ಮದುವೆಗೆ ನಾನೂ ಒಂದು ದಿನ ಮೊದಲೇ ಹೋಗಿದ್ದೆ. ಮಾವ ಇನ್ನೂ ಗೋಡೆಗೆ ಸುಣ್ಣ ಹೊಡೀತಿದ್ರು. ಹೋಗು, ಹಾಳೆ ಜೋಡಿಸು."

ಮುಖ ಸಪ್ಪಗೆ ಮಾಡಿಕೊಂಡು ಹೋದಳು.

ತಾರೀಖುಗಳ ಕಪ್ಪು ಆಗಲೇ ಅಚ್ಚಾಗಿತ್ತು. ಅಂದು ಅದೇ ಹಾಳೆಗಳ ಮೇಲೆ ಭಾನುವಾರಗಳ ಕೆಂಪು ಬೀಳುತ್ತಿತ್ತು. ಮೆಷಿನ್ ಒಂದೇ ಲಯದಲ್ಲಿ ಓಡುತ್ತಿತ್ತು. ಇದ್ದಕ್ಕಿದ್ದಂತೆ ಆ ಲಯದೊಳಗೆ ಹಲ್ಲಿಗೆ ಕಲ್ಲು ಸಿಕ್ಕಂಥ ಸಣ್ಣ ಸದ್ದು. ಬೇರೆ ಯಾರೂ ತಲೆ ಎತ್ತಲಿಲ್ಲ. ಅವಳು ಹಾಳೆಯೊಂದನ್ನು ಎಳೆದು ನೋಡಿದಳು. ಕೆಂಪು ಬಣ್ಣ ಕೂದಲೆಳೆಯಷ್ಟು ಸರಿದು, ಭಾನುವಾರಗಳು ಚೌಕದಾಚೆ ಇಣುಕುತ್ತಿದ್ದವು. ನಿಲ್ಲಿಸುವ ಗುಂಡಿ ಮುಟ್ಟುವ ಹಕ್ಕು ಮೇಸ್ತ್ರಿಗೆ ಮಾತ್ರ. ಅವನು ಆಚೆ ತುದಿಯಲ್ಲಿದ್ದ.

ಒತ್ತಿಬಿಟ್ಟಳು.

ಪ್ರೆಸ್ಸೆಲ್ಲ ಗಪ್‌ಚಿಪ್. ಮೇಸ್ತ್ರಿ ಬಿರಬಿರನೆ ಬಂದು, ಭೂತಗನ್ನಡಿ ಹಿಡಿದು ಹಾಳೆಯನ್ನು ನೋಡಿದ.

"ನಿಲ್ಲಿಸಿದೋಳು ನೀನು ತಾನೆ? ನೀನೇ ಸರಿ ಮಾಡು."

ಅವಳು ತಿರುಪು ಸಡಿಲಿಸಿ, ತಿರುಗಿಸಿ, ಬಿಗಿದಳು. ಮೆಷಿನ್ ಓಡಿತು. ಕೆಂಪು ಬಂದು ತನ್ನ ಮನೆಯಲ್ಲಿ ಕೂತಿತು.

ಮೇಸ್ತ್ರಿ ಕೈ ಒರೆಸಿಕೊಂಡ. "ನಾಳೆ ಪರೀಕ್ಷೆ ಗಿರೀಕ್ಷೆ ಏನಿಲ್ಲ, ನಂಗೆ ಬೇರೆ ಕೆಲಸ ಇದೆ," ಎಂದು ಟೀ ಕುಡಿಯಲು ನಡೆದ. ಓಡುವ ಮೆಷಿನ್ನನ್ನು ಇನ್ನೊಬ್ಬರ ಕೈಗೆ ಬಿಟ್ಟು ಅವನು ಹೊರಗೆ ಹೋದದ್ದನ್ನು ಅವಳು ಈವರೆಗೆ ಕಂಡಿರಲಿಲ್ಲ.

ಮೆಷಿನ್ ಮುಂದೆ ಒಬ್ಬಳೇ ಉಳಿದಳು. ಒಂದೊಂದು ದೊಡ್ಡ ಹಾಳೆಯ ಮೇಲೂ ಇಡೀ ವರ್ಷ. ಮಡಚಿ ಕತ್ತರಿಸಿದ ಮೇಲೆ ಸಾಲಾಗುವಂತೆ ಕೆಲವು ತಿಂಗಳು ತಲೆಕೆಳಗಾಗಿ, ಜನವರಿಯ ಮಗ್ಗುಲಲ್ಲೇ ಆಗಸ್ಟ್. ಇನ್ನೂ ಯಾರ ಕಾಲೂ ತುಳಿಯದ ಭಾನುವಾರಗಳು ಹಸಿಹಸಿಯಾಗಿ ಬಂದು ಬೀಳುತ್ತಿದ್ದವು. ಯಾವುದೋ ಚೌಕದಲ್ಲಿ ಯಾರೋ ಹುಟ್ಟುತ್ತಾರೆ, ಯಾವುದರಲ್ಲೋ ಯಾರೋ ಹಾಲು ತರಲು ಮರೆತು ಬೈಸಿಕೊಳ್ಳುತ್ತಾರೆ. ಅಷ್ಟೂ ದಿನಗಳು ಅವಳ ಅಂಗೈಯಡಿಯಲ್ಲಿ ಗುಡುಗುಡು ನಡುಗುತ್ತಿದ್ದವು. ಕೈಮುಗಿಯಬೇಕೆನಿಸಿತು, ಆದರೆ ಕೈಗೆ ಬಿಡುವಿರಲಿಲ್ಲ.