ನೀಲಿ ಬಟ್ಟೆಯ ಗಂಟು

"ಇವತ್ತೇ ಬರಬೇಕಿತ್ತೇನಮ್ಮಾ?" ಮುರಿದ ಮೂಳೆಗೆ ಕಟ್ಟು ಹಾಕುವ ಪ್ಲಾಸ್ಟರ್ ಮಾಮ ಬಕೆಟ್ಟಿಗೆ ನೀರು ತುಂಬುತ್ತಾ ಕೇಳಿದ. ಗಂಡನ ಉತ್ತರಕ್ರಿಯೆಗಳೆಲ್ಲ ಮುಗಿದು, ಮೂಳೆ ಡಾಕ್ಟರಾದ ಅವಳು ಮತ್ತೆ ಆಸ್ಪತ್ರೆಗೆ ಬಂದ ಮೊದಲ ಬೆಳಗು. ಅವಳು ಬಿಳಿ ಕೋಟು ತೊಟ್ಟುಕೊಂಡಳು. ಹೊರಗೆ ಬೆಂಚಿನ ತುಂಬ ಮುರಿದ ಕೈಗಳು ಅವಳಿಗಾಗಿ ಕಾಯುತ್ತಿದ್ದವು.

ಚೀಲದಲ್ಲಿ ಒಗೆದು ಮಡಿಸಿದ ನೀಲಿ ಬಟ್ಟೆಯಿತ್ತು. ಮುರಿದ ಕೈಯನ್ನು ಕುತ್ತಿಗೆಗೆ ತೂಗುಹಾಕಲು ಮಾಮ ಅವಳ ಗಂಡನಿಗೆ ಕೊಟ್ಟದ್ದು. "ಕಡ ಕೊಟ್ಟಿದ್ದು ಅಳಿಯಂದ್ರೇ, ವಾಪಸ್ ಬರಬೇಕು" ಎಂದು ನಗಿಸಿದ್ದ.

ಮೊದಲು ಬಂದದ್ದು ಜೋಕಾಲಿಯಿಂದ ಬಿದ್ದ ಹುಡುಗಿ. ಮುಂಗೈ ಮೂಳೆ ಹಸಿ ಕಡ್ಡಿಯಂತೆ ಒಂದು ಬದಿ ಸೀಳಿ, ಇನ್ನೊಂದು ಬದಿ ಬಾಗಿತ್ತು.

"ಬಲಗೈ ಅಲ್ವಾ, ಹಾಗಾದ್ರೆ ಹೋಂವರ್ಕ್ ಇಲ್ಲ ತಾನೇ?" ಹುಡುಗಿ ಕೇಳಿದಳು.

"ಮೂರು ವಾರ ಇಲ್ಲ" ಎಂದು ಅವಳು ಪ್ಲಾಸ್ಟರ್ ಸುತ್ತಿದಳು.

ಆಮೇಲೆ ನಲವತ್ತರ ಅಂಗಡಿಯವನು. ತೋಳಿನ ಮೂಳೆ ಎರಡಾಗಿತ್ತು.

"ಎಲ್ಲಿ ಬಿದ್ರಿ?"

"ಬೀಳ್ಲೇ ಇಲ್ಲ ಮೇಡಂ. ಶಟರ್ ಎಳೆದೆ, ಟಕ್ ಅಂತು."

ಅವಳ ಪೆನ್ನು ನಿಂತಿತು. ಗಂಡ ಎಳೆದದ್ದು ಬಿಗಿದುಕೊಂಡ ಕಿಟಕಿಯನ್ನು. "ಇಷ್ಟಕ್ಕೇ ಮುರ್ಕೊಂಡ್ಯಾ, ಗಾಜಿನ ಬೊಂಬೆ" ಎಂದು ಛೇಡಿಸುತ್ತ ಅವಳೇ ಪ್ಲಾಸ್ಟರ್ ಸುತ್ತಿದ್ದಳು. ಎಕ್ಸ್‌ರೇಯಲ್ಲಿ ಬಿರುಕನ್ನು ನೋಡಿದ್ದಳು, ಸುತ್ತಲಿನ ಮೂಳೆಯನ್ನಲ್ಲ. ಆರು ವಾರದ ನಂತರ ಪ್ಲಾಸ್ಟರ್ ಬಿಚ್ಚಿದಾಗ ಮೂಳೆ ಕೂಡಿರಲಿಲ್ಲ. ಮೂಳೆಯೊಳಗಿದ್ದ ಕ್ಯಾನ್ಸರ್ ಗಡ್ಡೆ ಅಷ್ಟರಲ್ಲಿ ಶ್ವಾಸಕೋಶ ಮುಟ್ಟಿತ್ತು.

ಅಂಗಡಿಯವನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಳು. ಬಿರುಕನ್ನು ಹೆಬ್ಬೆರಳಿನಿಂದ ಮುಚ್ಚಿ ಉಳಿದದ್ದನ್ನು ನೋಡಿದಳು. ಗೆದ್ದಲು ತಿಂದ ಮರದಂತೆ ಸಣ್ಣ ಸಣ್ಣ ತೂತುಗಳು.

"ಬೇಗ ಪ್ಲಾಸ್ಟರ್ ಹಾಕಿ ಕಳಿಸಿ ಮೇಡಂ, ಅಂಗಡಿ ಅರ್ಧ ತೆರೆದೇ ಬಂದಿದ್ದೀನಿ."

"ಅಂಗಡಿ ಇರಲಿ. ಇವತ್ತೇ ರಕ್ತ ಕೊಡಬೇಕು, ಸ್ಕ್ಯಾನ್ ಆಗಬೇಕು. ಮೂಳೆ ಒಳಗೆ ಏನಿದೆ ಅಂತ ನೋಡದೆ ಕಳಿಸಲ್ಲ."

"ಕೈ ಮುರಿದದ್ದಕ್ಕೆ ಇಷ್ಟೆಲ್ಲಾನಾ? ಕಡ್ಡಿನ ಗುಡ್ಡ ಮಾಡ್ತಿದ್ದೀರಿ."

"ಹೌದು, ಮಾಡ್ತಿದ್ದೀನಿ."

ಅವಳ ಮುಖ ನೋಡಿ ಅವನು ಸ್ಕ್ಯಾನಿನ ಚೀಟಿಗೆ ಇನ್ನೊಂದು ಕೈ ಚಾಚಿದ.

ಸ್ಕ್ಯಾನಿಗೆ ಹೋಗುವವರೆಗೆ ಕೈಗೆ ಆಸರೆ ಬೇಕಿತ್ತು. ಮಾಮ ಕಪಾಟು ತಡಕಾಡಿದ, ತೂಗುಬಟ್ಟೆ ಒಂದೂ ಉಳಿದಿರಲಿಲ್ಲ. ಅವಳು ಚೀಲ ತೆರೆದಳು.

"ಮಾಮಾ, ನಿಮ್ದು."

ಮಾಮ ಎರಡೂ ಕೈಯಲ್ಲಿ ತೆಗೆದುಕೊಂಡ. ಅಂಗಡಿಯವನ ಕುತ್ತಿಗೆಗೆ ಹಾಕಿದ. ಬಟ್ಟೆ ಉದ್ದವಾಗಿ ಕೈ ಸೊಂಟದವರೆಗೆ ಜಾರಿತು. ಗಂಡ ಇವನಿಗಿಂತ ಒಂದು ಗೇಣು ಎತ್ತರ. ಹಿಂದುಗಡೆ, ಗಂಡನ ಅಳತೆಗೆ ಅವಳೇ ಹಾಕಿದ್ದ ಗಂಟು ಒಗೆತಕ್ಕೆ ಇನ್ನಷ್ಟು ಬಿಗಿದಿತ್ತು.

"ಕತ್ತರಿ ತರ್ಲಾಮ್ಮಾ?"

"ಬೇಡ."

ಅವಳು ಅಂಗಡಿಯವನ ಬೆನ್ನ ಹಿಂದೆ ನಿಂತು, ಉಗುರಿನಿಂದ ಗಂಟಿನ ತುದಿ ಹುಡುಕತೊಡಗಿದಳು.