ಏಳು ಕನ್ನಡಿ, ಸೊನ್ನೆ ಸೊಳ್ಳೆ

ರಜೆಗೆ ಬರುವವರಿಗೆ ಬೇರೆಯವರ ಮನೆಗಳನ್ನು ಬಾಡಿಗೆಗೆ ಕೊಟ್ಟು ನೋಡಿಕೊಳ್ಳುವುದು ನನ್ನ ಕೆಲಸ. ಮೂರು ಮನೆಗಳಿವೆ. ಹೊದಿಕೆ ಒಗೆಯುವವಳು ನಾನು, ಬಚ್ಚಲು ಕಟ್ಟಿಕೊಂಡರೆ ಕೋಲು ಹಾಕುವವಳು ನಾನು, ಬಾಡಿಗೆಯಲ್ಲಿ ನೂರಕ್ಕೆ ಹದಿನೆಂಟು ಕಿತ್ತುಕೊಳ್ಳುವುದು ಮಾತ್ರ ಬುಕಿಂಗ್ ಕಂಪನಿ. ಅದನ್ನಾದರೂ ಹೇಗೋ ನುಂಗಿಕೊಂಡಿದ್ದೆ. ನನ್ನ ಹೊಟ್ಟೆ ಉರಿಸಿದ್ದು ಬೇರೆ. ಬರುವ ಅತಿಥಿಯ ಫೋನ್ ನಂಬರನ್ನು ಕಂಪನಿ ನನಗೆ ಕೊಡುವುದಿಲ್ಲ, ನನ್ನದನ್ನು ಅವರಿಗೆ ಕೊಡುವುದಿಲ್ಲ. ಅತಿಥಿ ಗೇಟಿನ ಮುಂದೆ ನಿಂತು ಬೀಗದ ಕೈ ಎಲ್ಲಿ ಎಂದು ಬರೆದರೆ, ಆ ಪ್ರಶ್ನೆ ಕಂಪನಿಯ ಮೂಲಕ ನನ್ನನ್ನು ತಲುಪುವ ಹೊತ್ತಿಗೆ ಆತ ಕಿಟಕಿ ಹತ್ತಿ ಒಳಗೆ ಹೋಗಿ ನಿದ್ದೆಯನ್ನೂ ಮುಗಿಸಿರುತ್ತಾನೆ. ಸಂದೇಶದಲ್ಲಿ ನಂಬರು ಬರೆದರೆ ಅಂಕಿಗಳ ಜಾಗದಲ್ಲಿ ಬರೀ ಚುಕ್ಕಿ ಹೋಗುತ್ತದೆ. ಅಕ್ಷರದಲ್ಲಿ ಬರೆದರೂ ಚುಕ್ಕಿಯೇ.

ಇದಕ್ಕೆ ದಾರಿ ಹುಡುಕಿದ್ದು ನನ್ನ ಅತ್ತೆ. ಮೂವತ್ತು ವರ್ಷ ಗಣಿತದ ಟೀಚರಾಗಿದ್ದವರು.

"ಕಂಪನಿಯ ವೆಬ್‌ಸೈಟಿನ ಪುಟದಲ್ಲಿ ಮನೆ ಹೇಗಿದೆ ಅಂತ ಬರಿಯೋ ಜಾಗ ಇದೆಯಲ್ಲ, ಅಲ್ಲಿ ಯಾವ ಸಾಮಾನು ಎಷ್ಟಿದೆ ಅಂತ ಬರಿ. ಅದಕ್ಕೆ ಚುಕ್ಕಿ ಹಾಕೋಕೆ ಅವರಿಗೇನು ತಲೆ ಕೆಟ್ಟಿದೆಯಾ?"

ಹಾಗೆ ಸಮುದ್ರದ ದಂಡೆಯ ಮನೆಯ ಪುಟದಲ್ಲಿ ನನ್ನ ನಂಬರಿನ ಹತ್ತು ಅಂಕಿಗಳು ಹತ್ತು ಸಾಲಾದವು. ಒಂಬತ್ತು ದಿಂಬು, ಏಳು ಕನ್ನಡಿ, ನಾಲ್ಕು ಗೋಡೆ ಗಡಿಯಾರ, ಎಂಟು ಕೊಡೆ, ಹೀಗೆ. ಕೊನೆಯ ಅಂಕಿ ಸೊನ್ನೆ. ಏನೂ ಇಲ್ಲದ್ದನ್ನು ಇದೆ ಎಂದು ಬರೆಯುವುದು ಹೇಗೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದರೆ ಅತ್ತೆ ತಟ್ಟನೆ "ಸೊನ್ನೆ ಸೊಳ್ಳೆ" ಎಂದರು. ಈ ಹೆಂಗಸಿನ ಬುದ್ಧಿಗೆ ನಾನು ಮದುವೆಯಾದ ದಿನದಿಂದಲೂ ಹೆದರುತ್ತ ಬಂದಿದ್ದೇನೆ.

ಮನೆ ಬುಕ್ ಮಾಡಿದವರಿಗೆಲ್ಲ "ಸಾಮಾನುಗಳನ್ನು ಮೇಲಿನಿಂದ ಕೆಳಗೆ ಎಣಿಸಿಕೊಂಡು ಬನ್ನಿ, ಆಮೇಲೆ ನಾವೇ ಮಾತಾಡಿಕೊಳ್ಳೋಣ" ಎಂದು ಸುಳಿವು ಕಳಿಸತೊಡಗಿದೆ. ಎಂಟು ತಿಂಗಳಲ್ಲಿ ಒಬ್ಬರಿಂದಲೂ ಫೋನ್ ಬರಲಿಲ್ಲ. ಒಬ್ಬಾಕೆ ಮಾತ್ರ "ನಮಗೂ ಕನ್ನಡಿ ಅಂದ್ರೆ ಇಷ್ಟ" ಎಂದು ಬರೆದಳು.

ಆಮೇಲೆ ಬಂದ ನೋಡಿ ಮಹಾಶಯ, ಯಾವುದೋ ಗೋದಾಮಿನಲ್ಲಿ ಮೇಲ್ವಿಚಾರಕನಾಗಿದ್ದು ನಿವೃತ್ತನಾದವನು. ನಾನು ಹೇಳಿದಂತೆ ಎಣಿಸಿದ. ಆದರೆ ಪುಟದಲ್ಲಿ ಅಲ್ಲ, ಮನೆಯಲ್ಲಿ! ಎರಡು ದಿನ ಸಮುದ್ರದ ಕಡೆ ತಲೆ ಹಾಕದೆ ಎಣಿಸಿ, ಕಂಪನಿಗೆ ದೂರು ಬರೆದ: "ಕನ್ನಡಿ ಐದು ಕಡಿಮೆ. ಕೊಡೆ ಎಂಟೂ ಕಡಿಮೆ. ಸೊಳ್ಳೆ ಹನ್ನೊಂದು ಹೆಚ್ಚು."

ಗುರುವಾರ ತನಿಖೆಗೆ ಬರುತ್ತೇವೆ, ಪುಟದಲ್ಲಿರುವುದು ಸುಳ್ಳಾದರೆ ನಿಮ್ಮ ಮೂರೂ ಮನೆಗಳನ್ನು ತೆಗೆದುಹಾಕುತ್ತೇವೆ ಎಂದು ಕಂಪನಿ ಬರೆಯಿತು. ತಿದ್ದಿಬಿಡೋಣವೆಂದರೆ ತನಿಖೆ ಮುಗಿಯುವವರೆಗೆ ಪುಟಕ್ಕೆ ಬೀಗ. ಆ ಮೂರು ಮನೆ ಹೋದರೆ ನನಗೆ ಬೇರೆ ಗತಿಯೇ ಇಲ್ಲ.

"ಪುಟ ತಿದ್ದೋಕಾಗಲ್ಲ ಅಂದ್ರೆ ಮನೇನೇ ತಿದ್ದೋಣ" ಎಂದರು ಅತ್ತೆ.

ಅಕ್ಕಪಕ್ಕದವರ ಕಾಲು ಹಿಡಿದು ಗಡಿಯಾರ, ಕೊಡೆ, ದಿಂಬು ತಂದೆ. ಐದು ಕನ್ನಡಿಯನ್ನು ನನ್ನ ನಾದಿನಿಯ ಬ್ಯೂಟಿ ಪಾರ್ಲರಿನಿಂದ ಗುರುವಾರ ಬೆಳಿಗ್ಗೆ ಬಿಚ್ಚಿಕೊಂಡು ಬಂದೆವು. ಕೊನೆಯ ಕನ್ನಡಿಯ ಮುಂದೆ ಅರ್ಧ ಕೂದಲು ಕತ್ತರಿಸಿಕೊಂಡು ಕೂತಿದ್ದ ಗಿರಾಕಿ, ಕುತ್ತಿಗೆಗೆ ಕಟ್ಟಿದ್ದ ಬಟ್ಟೆಯ ಸಮೇತ ಕನ್ನಡಿಯ ಹಿಂದೆಯೇ ಬಂದಳು. ನಾದಿನಿ ಕತ್ತರಿ ಹಿಡಿದು ಅವಳ ಹಿಂದೆ ಬಂದಳು.

ತನಿಖೆಗೆ ಬಂದವಳು ಇಸ್ತ್ರಿ ಮಾಡಿದ ಅಂಗಿಯ, ನಗು ಎಂದರೇನೆಂದೇ ಗೊತ್ತಿಲ್ಲದ ಮುಖದ ಹೆಂಗಸು. ಒಂದೊಂದನ್ನೂ ಮುಟ್ಟಿ ಮುಟ್ಟಿ ಎಣಿಸಿದಳು. ನಾಲ್ಕು ಗಡಿಯಾರ ನಾಲ್ಕು ಬೇರೆ ಬೇರೆ ಹೊತ್ತು ತೋರಿಸುತ್ತಿದ್ದವು, ಅವಳು ನಾಲ್ಕು ಎಂದಷ್ಟೇ ಗುರುತು ಮಾಡಿಕೊಂಡಳು. ಏಳನೆಯ ಕನ್ನಡಿಯ ಮುಂದೆ ಅರ್ಧ ಕೂದಲಿನವಳು ಕೂತಿದ್ದಳು.

"ಇವರು ಯಾರು?"

"ಕನ್ನಡಿ ಚೆನ್ನಾಗಿ ಕಾಣ್ಸುತ್ತಾ ಅಂತ ನೋಡ್ತಿದಾರೆ" ಎಂದರು ಅತ್ತೆ.

ಒಂಬತ್ತು ಸಾಲಿಗೂ ಸರಿ ಗುರುತು ಬಿತ್ತು. ನನಗೆ ಹೋದ ಜೀವ ಬಂದಂತಾಯಿತು. ಹತ್ತನೆಯದು ಸೊಳ್ಳೆ. ಹಿಂದಿನ ದಿನವೆಲ್ಲ ಕಿಟಕಿ ಮುಚ್ಚಿ ನಾವಿಬ್ಬರೂ ಕೆಮ್ಮಿ ಸಾಯುವಷ್ಟು ಔಷಧಿ ಹೊಡೆದಿದ್ದೆವು. ತನಿಖೆಯವಳು ನಡುಮನೆಯ ಮಧ್ಯದಲ್ಲಿ ನಿಂತು ಕಿವಿಗೊಟ್ಟಳು. ಆಗ ಎಲ್ಲಿತ್ತೋ ಆ ಹಾಳು ಸೊಳ್ಳೆ, ಗುಂಯ್ ಎಂದು ಬಂದು ನೇರವಾಗಿ ಅವಳ ಕೆನ್ನೆಯ ಮೇಲೆ ಕೂತಿತು.

ಅತ್ತೆ ಪಟಾರನೆ ಬಾರಿಸಿದರು.

"ಈಗ ಎಣಿಸಿ. ಸೊನ್ನೆ."

ಅವಳ ಕೆನ್ನೆ ಕೆಂಪಗಾಯಿತು. ನಾನು ಕಣ್ಣು ಮುಚ್ಚಿದೆ. ಮುಗಿಯಿತು, ಕಂಪನಿಯವಳ ಮೇಲೆ ಕೈ ಮಾಡಿದ ಮೇಲೆ ಯಾವ ಮನೆ, ಯಾವ ಪುಟ! ಕಣ್ಣು ಬಿಟ್ಟಾಗ ಅವಳು ಕೆನ್ನೆ ಸವರಿಕೊಳ್ಳುತ್ತ ತನ್ನ ಹಾಳೆಯನ್ನೇ ನೋಡುತ್ತಿದ್ದಳು. ಹತ್ತು ಅಂಕಿಗಳು ಒಂದರ ಕೆಳಗೊಂದು ನೆಟ್ಟಗೆ ನಿಂತಿದ್ದವು. ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದಳು, ಇನ್ನೊಮ್ಮೆ ಓದಿದಳು. ಆಮೇಲೆ ಹತ್ತನೆಯ ಸಾಲಿಗೂ ಸರಿ ಗುರುತು ಹಾಕಿ ಪೆನ್ನು ಮುಚ್ಚಿದಳು.

"ಕನ್ನಡಿ, ಗಡಿಯಾರ ಅಂತೆಲ್ಲ ಯಾಕೆ ಬರೆದ್ರಿ? ದುಬಾರಿ ಆಗುತ್ತೆ. ಬಕೆಟ್ಟು, ಮಗ್ಗು ಅಂತ ಬರೀಬೇಕು. ನಮ್ಮಮ್ಮನೂ ಒಂದು ಮನೆ ಬಾಡಿಗೆಗೆ ಕೊಡ್ತಾರೆ, ಅವರದ್ದೆಲ್ಲ ಪ್ಲಾಸ್ಟಿಕ್ಕೇ."

ಅತ್ತೆ ಟೀಚರಿನ ದನಿಯಲ್ಲಿ ಕೇಳಿದರು, "ಎಷ್ಟು ಬಕೆಟ್ಟು?"

"ಒಂಬತ್ತು" ಎಂದು ಚಪ್ಪಲಿ ಮೆಟ್ಟಿಕೊಂಡಳು ಅವಳು. "ಮಿಕ್ಕಿದ್ದು ಫೋನಲ್ಲಿ ಹೇಳ್ತೀನಿ. ನಿಮ್ಮ ನಂಬರ್ ಎಣಿಸ್ಕೊಂಡಿದೀನಲ್ಲ."